ಸಿಸೇರಿಯನ್‌ನಲ್ಲಿ ಸ್ಪೈನಲ್ ನಂತರದ ಬಿ.ಪಿ. ಕುಸಿತ: ಗುಂಪಿಗೆ 30 ಮಂದಿಯ ಅಧ್ಯಯನದಿಂದ ಏನು ತಿಳಿಯುತ್ತದೆ?

ಸ್ನಾತಕೋತ್ತರ ವಿದ್ಯಾರ್ಥಿನಿ, ಅರಿವಳಿಕೆ ವಿಭಾಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯಕ್ಕೆ ಥೀಸಿಸ್‌ನ ಸಿನಾಪ್ಸಿಸ್ (ಯೋಜನೆಯ ಸಾರಾಂಶ) ಸಲ್ಲಿಸುವ ಸಮಯ ಹತ್ತಿರ ಬಂದಿದೆ. ಸಿಸೇರಿಯನ್‌ಗೆ ಸ್ಪೈನಲ್ (ಬೆನ್ನಿನಲ್ಲಿ ಕೊಡುವ ಅರಿವಳಿಕೆ ಇಂಜೆಕ್ಷನ್) ಕೊಟ್ಟ ನಂತರ ತಾಯಂದಿರ ಬಿ.ಪಿ. ಕುಸಿಯುವುದನ್ನು ತಡೆಯಲು ಫಿನೈಲ್‌ಎಫ್ರಿನ್ ಅನ್ನು ನಿರಂತರವಾಗಿ ಸಿರಿಂಜ್ ಪಂಪ್‌ನಲ್ಲಿ ಕೊಡುವುದು ಒಳ್ಳೆಯದೋ, ಮೆಫೆಂಟರ್ಮಿನ್ ಅನ್ನು ಬೋಲಸ್ ಆಗಿ, ಅಂದರೆ ಒಂದೇ ಸಲಕ್ಕೆ ಚುಚ್ಚಿ, ಕೊಡುವುದು ಒಳ್ಳೆಯದೋ ಎಂಬುದನ್ನು ಹೋಲಿಸಬೇಕೆಂದಿದ್ದೇನೆ. ಗುಂಪಿಗೆ 30 ಮಂದಿ, ಒಟ್ಟು 60 ಮಂದಿ ಸಾಕೆಂದು ವಿಭಾಗದಲ್ಲಿ ಹೇಳಿದ್ದಾರೆ. ಗ್ರಂಥಾಲಯದಲ್ಲಿರುವ ಹಳೆಯ ಥೀಸಿಸ್‌ಗಳಲ್ಲಿಯೂ ಹೆಚ್ಚಿನವು 30-30 ಎಂದೇ ಇವೆ, ಆದರೆ ಆ ಸಂಖ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಯಾವುದರಲ್ಲಿಯೂ ವಿವರಣೆ ಸಿಗಲಿಲ್ಲ. ಎರಡು ವರ್ಷ ಶ್ರಮಪಟ್ಟು ಮಾಡುವ ಕೆಲಸ ಕಪಾಟಿನಲ್ಲಿ ಉಳಿಯದೆ ಯಾರಿಗಾದರೂ ಉಪಯೋಗಕ್ಕೆ ಬರಬೇಕೆಂಬ ಆಸೆಯಿಂದ ಇಲ್ಲಿ ಕೇಳುತ್ತಿದ್ದೇನೆ. ಹಿರಿಯರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಹಿರಿಯ ಅರಿವಳಿಕೆ ತಜ್ಞ, ದಾವಣಗೆರೆ

ಪ್ರಶ್ನೆ ಸಕಾಲಿಕವಾಗಿದೆಯಮ್ಮ. ಸಿನಾಪ್ಸಿಸ್ ಒಪ್ಪಿಗೆಯಾದ ಮೇಲೆ ಕೇಳಿದ್ದರೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಟ್ರಯಲ್‌ನ ಬೆಲೆ ಮೊದಲ ರೋಗಿ ಟೇಬಲ್ ಮೇಲೆ ಬರುವುದಕ್ಕೆ ಮುಂಚೆಯೇ ನಿರ್ಧಾರವಾಗಿರುತ್ತದೆ. ಏನನ್ನು ಕೇಳುತ್ತಿದ್ದೇವೆ, ಏನನ್ನು ಅಳೆಯುತ್ತೇವೆ, ಎಷ್ಟು ಮಂದಿ ಬೇಕು, ಯಾರಿಗೆ ಯಾವ ಔಷಧ ಎಂಬುದು ಮುಂಚಿತವಾಗಿ ಯಾರಿಗೂ ತಿಳಿಯದಂತೆ ಹೇಗೆ ಕಾಯುತ್ತೇವೆ ಎಂಬುವುಗಳಲ್ಲಿ ಒಂದು ಸಡಿಲವಾದರೂ ನಂತರ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಸರಿಪಡಿಸಲಾರದು.

ಮೊದಲು ಅಳತೆಯ ಮಾತು. ಬಿ.ಪಿ. ಕುಸಿತವೆಂದು ನೀವು ಯಾವುದನ್ನು ಕರೆಯುತ್ತೀರಿ? 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು ಸಿಸೇರಿಯನ್ ಸ್ಪೈನಲ್ ಕುರಿತ 63 ಲೇಖನಗಳಲ್ಲಿ ಈ ಕುಸಿತಕ್ಕೆ 15 ಬೇರೆ ಬೇರೆ ವ್ಯಾಖ್ಯೆಗಳಿದ್ದುದನ್ನು ಗುರುತಿಸಿತು. ಆ ವ್ಯಾಖ್ಯೆಗಳನ್ನೆಲ್ಲ ಒಂದೇ ಗುಂಪಿನ ತಾಯಂದಿರಿಗೆ ಅನ್ವಯಿಸಿ ನೋಡಿದಾಗ ಕುಸಿತದ ಪ್ರಮಾಣ ಶೇ. 7.4ರಿಂದ ಶೇ. 74.1ರವರೆಗೆ ಹರಡಿಕೊಂಡಿತು. ರೋಗಿಗಳು ಅವರೇ, ಬಿ.ಪಿ. ದಾಖಲೆಗಳೂ ಅವೇ. ಅಂದರೆ ಫಲಿತಾಂಶ ಬಂದ ಮೇಲೆ ವ್ಯಾಖ್ಯೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದವರು ಯಾವ ಔಷಧವನ್ನು ಬೇಕಾದರೂ ಗೆಲ್ಲಿಸಬಹುದು. 2018ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯು ಸಿಸ್ಟಾಲಿಕ್ (ಮೇಲಿನ ಅಂಕಿಯ) ಒತ್ತಡವನ್ನು ಮೂಲ ಮಟ್ಟದ ಶೇ. 90 ಅಥವಾ ಅದಕ್ಕಿಂತ ಮೇಲೆ ಉಳಿಸಿಕೊಳ್ಳಬೇಕು, ಶೇ. 80ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು ಎನ್ನುತ್ತದೆ. ನೀವು ಶೇ. 80ರ ಗಡಿಯನ್ನೇ ಇಟ್ಟುಕೊಂಡು, ಸ್ಪೈನಲ್ ಕೊಟ್ಟ ಕ್ಷಣದಿಂದ ಮಗು ಹೊರಬರುವವರೆಗಿನ ಅವಧಿಯಲ್ಲಿ ಒಮ್ಮೆಯಾದರೂ ಅದಕ್ಕಿಂತ ಕೆಳಗಿಳಿದ ತಾಯಂದಿರ ಪ್ರಮಾಣ ಎಂದು ಸ್ಪಷ್ಟವಾಗಿ ಬರೆಯಿರಿ.

ಮೂಲ ಮಟ್ಟವನ್ನು ಎಲ್ಲಿ ಅಳೆಯುತ್ತೀರಿ ಎಂಬುದನ್ನೂ ಬರೆಯಬೇಕು. ಓ.ಟಿ. ಟೇಬಲ್ ಮೇಲೆ ಹೆದರಿ ಕುಳಿತ ತಾಯಿಯ ಬಿ.ಪಿ. ವಾರ್ಡಿನಲ್ಲಿದ್ದುದಕ್ಕಿಂತ ಹೆಚ್ಚಿರುತ್ತದೆ. ಆ ಏರಿದ ಅಂಕಿಯನ್ನೇ ಮೂಲವೆಂದು ಹಿಡಿದರೆ ಭಯ ಇಳಿದದ್ದೂ ಔಷಧದ ಸೋಲಾಗಿ ಲೆಕ್ಕಕ್ಕೆ ಬರುತ್ತದೆ. ವಾರ್ಡಿನಲ್ಲಿ ಎಡಕ್ಕೆ ವಾಲಿಸಿ ಮಲಗಿಸಿ, ಮೂರು ಸಲ ಅಳೆದು, ಸರಾಸರಿ ತೆಗೆದುಕೊಳ್ಳುವುದು ಉತ್ತಮ.

ಇನ್ನೊಂದು ಸಣ್ಣ ಮಾತು. ಈ ವಿಷಯದ ಸಿನಾಪ್ಸಿಸ್‌ಗಳಲ್ಲಿ ‘ಎ.ಎಸ್.ಎ. 1 ಮತ್ತು 2’ ಎಂದು ರೋಗಿಯ ಆರೋಗ್ಯಸ್ಥಿತಿಯ ದರ್ಜೆಯನ್ನು ಬರೆಯುವ ರೂಢಿಯಿದೆ (1 ಎಂದರೆ ಪೂರ್ಣ ಆರೋಗ್ಯವಂತರು). ಬೇರಾವ ಕಾಯಿಲೆಯೂ ಇಲ್ಲದ ಗರ್ಭಿಣಿಯನ್ನೇ ಎ.ಎಸ್.ಎ. 2 ಎಂದು ವರ್ಗೀಕರಿಸುವುದರಿಂದ ಅಲ್ಲಿ 1ಕ್ಕೆ ಜಾಗವೇ ಇಲ್ಲ. ರೋಗಿಗಳ ಆಯ್ಕೆಯ ಮಾನದಂಡಗಳನ್ನು ಹಿಂದಿನ ಥೀಸಿಸ್‌ನಿಂದ ನಕಲು ಮಾಡದೆ ನೀವೇ ಯೋಚಿಸಿ ಬರೆಯಿರಿ.

ಜೀವಸಂಖ್ಯಾಶಾಸ್ತ್ರ ಅಧ್ಯಾಪಕಿ, ಚಿತ್ರದುರ್ಗ

ಸರ್ ಅವರ ಮಾತಿಗೆ ಲೆಕ್ಕವನ್ನು ಸೇರಿಸುತ್ತೇನೆ. ಮೆಫೆಂಟರ್ಮಿನ್ ಗುಂಪಿನಲ್ಲಿ ಶೇ. 60ರಷ್ಟು ತಾಯಂದಿರಿಗೆ ಬಿ.ಪಿ. ಕುಸಿಯುತ್ತದೆ, ಫಿನೈಲ್‌ಎಫ್ರಿನ್ ಅದನ್ನು ಶೇ. 40ಕ್ಕೆ ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. ಐವರು ತಾಯಂದಿರಲ್ಲಿ ಒಬ್ಬರನ್ನು ಕುಸಿತದಿಂದ ಪಾರುಮಾಡುವುದು ವೈದ್ಯಕೀಯವಾಗಿ ದೊಡ್ಡ ಲಾಭವೇ. ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆಯೆನ್ನುವ ಸಂಭವ) ಶೇ. 5, ಪವರ್ (ಇರುವ ವ್ಯತ್ಯಾಸವನ್ನು ಕಂಡುಹಿಡಿಯುವ ಸಂಭವ) ಶೇ. 80 ಎಂದು ಹಿಡಿದರೆ ಗುಂಪಿಗೆ ಸುಮಾರು 95 ಮಂದಿ ಬೇಕು. 30 ಮಂದಿಯಿಂದ ಪವರ್ ಶೇ. 35ರ ಆಸುಪಾಸಿಗೆ ಬೀಳುತ್ತದೆ. ಅಂದರೆ ಔಷಧ ನಿಜವಾಗಿಯೂ ಅಷ್ಟು ಒಳ್ಳೆಯದಿದ್ದರೂ ನಿಮ್ಮ ಅಧ್ಯಯನ ಅದನ್ನು ಕಂಡುಹಿಡಿಯದೇ ಹೋಗುವ ಸಂಭವ ಮೂರರಲ್ಲಿ ಎರಡು ಪಾಲು.

ಕೈಗೆ ಬರುವ ಅಂಕಿಗಳನ್ನೇ ನೋಡಿ. 30ರಲ್ಲಿ 18 ಮಂದಿಗೆ ಒಂದು ಕಡೆ ಕುಸಿತ, 12 ಮಂದಿಗೆ ಇನ್ನೊಂದು ಕಡೆ. ಪಿ ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಸುಮಾರು 0.12 ಬರುತ್ತದೆ, ರೂಢಿಯ ಮಿತಿ 0.05. ‘ಎರಡೂ ಔಷಧಗಳು ಸಮಾನ’ ಎಂದು ತೀರ್ಮಾನದಲ್ಲಿ ಬರೆಯಲಾಗುತ್ತದೆ. ಆದರೆ ಶೇ. 95ರ ವಿಶ್ವಾಸಾಂತರವನ್ನು ಲೆಕ್ಕ ಹಾಕಿದರೆ ವ್ಯತ್ಯಾಸವು ಒಂದು ಕಡೆ 5 ಶೇಕಡಾಂಶದಷ್ಟು ಹಾನಿಯಿಂದ ಇನ್ನೊಂದು ಕಡೆ 45 ಶೇಕಡಾಂಶದಷ್ಟು ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಾಗುತ್ತದೆ. ಇದು ಸಮಾನತೆಯ ಸಾಕ್ಷ್ಯ ಅಲ್ಲವೇ ಅಲ್ಲ. ಏನೂ ತಿಳಿಯಲಿಲ್ಲ ಎಂಬುದನ್ನು ಏನೂ ವ್ಯತ್ಯಾಸವಿಲ್ಲ ಎಂದು ಓದುವುದು ನಮ್ಮ ಥೀಸಿಸ್‌ಗಳಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿ.

ಅಡ್ಡಪರಿಣಾಮದ ವಿಷಯದಲ್ಲಿ 60 ಮಂದಿ ಇನ್ನೂ ಕಡಿಮೆ. 60 ಮಂದಿಯಲ್ಲಿ ಒಬ್ಬರಿಗೂ ತೊಂದರೆಯಾಗದಿದ್ದರೆ ‘ಸಂಪೂರ್ಣ ಸುರಕ್ಷಿತ’ ಎಂದು ಬರೆಯುತ್ತಾರೆ. ಮೂರನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸುವ ಸರಳ ಸೂತ್ರವಿದೆ: 60 ಮಂದಿಯಲ್ಲಿ ಸೊನ್ನೆ ಕಂಡರೂ ನಿಜವಾದ ಪ್ರಮಾಣ ಶೇ. 5ರವರೆಗೆ ಇರಬಹುದು. ಇಪ್ಪತ್ತರಲ್ಲಿ ಒಬ್ಬ ತಾಯಿಗೆ ತೊಂದರೆ ಕೊಡುವ ಔಷಧವನ್ನು ಯಾರೂ ಸುರಕ್ಷಿತ ಎನ್ನಲಾರರು.

ವಿನ್ಯಾಸದಲ್ಲಿ ಇನ್ನೊಂದು ತೊಡಕಿದೆ. ನೀವು ಒಂದು ಕಡೆ ಫಿನೈಲ್‌ಎಫ್ರಿನ್ ಅನ್ನು ಪಂಪ್‌ನಲ್ಲಿ, ಇನ್ನೊಂದು ಕಡೆ ಮೆಫೆಂಟರ್ಮಿನ್ ಅನ್ನು ಬೋಲಸ್ ಆಗಿ ಕೊಡುತ್ತಿದ್ದೀರಿ. ಔಷಧವೂ ಬದಲಾಯಿತು, ಕೊಡುವ ವಿಧಾನವೂ ಬದಲಾಯಿತು. ವ್ಯತ್ಯಾಸ ಕಂಡರೆ ಅದು ಯಾವುದರಿಂದ ಬಂತೆಂದು ಹೇಗೆ ಹೇಳುತ್ತೀರಿ?

ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ವೈದ್ಯ, ಚಿತ್ರದುರ್ಗ ಜಿಲ್ಲೆ

ಚರ್ಚೆಯನ್ನು ಗಮನವಿಟ್ಟು ಓದುತ್ತಿದ್ದೇನೆ. ನನ್ನ ಕೋರಿಕೆ ಒಂದೇ: ಉತ್ತರ ಯಾರಿಗೆ ಬೇಕಾಗಿದೆ ಎಂಬುದನ್ನೂ ಸಿನಾಪ್ಸಿಸ್ ಬರೆಯುವಾಗ ನೆನಪಿನಲ್ಲಿಡಿ. 2018ರ ಹೇಳಿಕೆಯು ಫಿನೈಲ್‌ಎಫ್ರಿನ್ ಅನ್ನು ನಿಮಿಷಕ್ಕೆ 25ರಿಂದ 50 ಮೈಕ್ರೊಗ್ರಾಂನಂತೆ ಪಂಪ್‌ನಲ್ಲಿ ಆರಂಭಿಸಲು ಸೂಚಿಸುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು, ಹೊಸದುರ್ಗದಂತಹ ಕಡೆ ಒಬ್ಬನೇ ಅರಿವಳಿಕೆ ವೈದ್ಯನು ರಾತ್ರಿ ಸಿಸೇರಿಯನ್ ನಿಭಾಯಿಸುವಾಗ, ಇರುವ ಒಂದು ಪಂಪ್ ಏಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬಿ.ಪಿ. ಏರಿ ಬರುವ ಫಿಟ್ಸ್) ರೋಗಿಯ ಮ್ಯಾಗ್ನೀಸಿಯಂ ಸಲ್ಫೇಟ್‌ಗೆ ಮೀಸಲಾಗಿರುತ್ತದೆ. ನಮ್ಮ ಕೈಯಲ್ಲಿರುವುದು 10 ಮಿ.ಲೀ. ಸಿರಿಂಜ್ ಮತ್ತು ಮೆಫೆಂಟರ್ಮಿನ್ ವಯಲ್. ಪಂಪ್ ಬೇಡುವ ಅಧ್ಯಯನವು ಎಷ್ಟೇ ಚೆನ್ನಾಗಿದ್ದರೂ ಅದರ ಫಲಿತಾಂಶವನ್ನು ನಾವು ಬಳಸಲಾರೆವು. ಎರಡೂ ಔಷಧಗಳನ್ನು ಬೋಲಸ್ ಆಗಿಯೇ ಹೋಲಿಸಿದರೆ ಇಲ್ಲಿ ಅದಕ್ಕೆ ಅರ್ಥ ಬರುತ್ತದೆ.

ಆಯ್ಕೆಯ ಮಾನದಂಡಗಳ ವಿಷಯದಲ್ಲಿಯೂ ಒಂದು ಮಾತು. ಎತ್ತರ 150 ಸೆಂ.ಮೀ.ಗಿಂತ ಕಡಿಮೆಯಿದ್ದವರನ್ನು, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆಯಿದ್ದವರನ್ನು ಹೊರಗಿಡುವ ಅಧ್ಯಯನಗಳೇ ಹೆಚ್ಚು. ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಗಿಡ್ಡಗಿರುವವರು, ರಕ್ತಹೀನತೆ ಇರುವವರು ಬಹಳ ಮಂದಿ. ಅವರನ್ನು ಬಿಟ್ಟು ಉಳಿದವರಲ್ಲಿ ಮಾಡಿದ ಅಧ್ಯಯನವನ್ನು ಅವರಿಗೇ ಅನ್ವಯಿಸುವುದು, ಒಂದು ಹೊಲಕ್ಕೆ ಬಿದ್ದ ಮಳೆಯನ್ನು ನೋಡಿ ಇಡೀ ತಾಲ್ಲೂಕಿನ ಬಿತ್ತನೆ ನಿರ್ಧರಿಸಿದಂತಾಗುತ್ತದೆ.

ಇದು ಸಿಸೇರಿಯನ್‌ಗೆ ಸೀಮಿತವಾದ ಸಮಸ್ಯೆಯೂ ಅಲ್ಲ. ವಯಸ್ಸಾದವರ ಸೊಂಟದ ಮೂಳೆ ಮುರಿತಕ್ಕೆ ಸ್ಪೈನಲ್ ಮೇಲೋ, ಜನರಲ್ (ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ) ಮೇಲೋ ಎಂಬ ಬಗ್ಗೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ 1,600 ರೋಗಿಗಳನ್ನು ಒಳಗೊಂಡು ನಡೆದ ರೀಗೇನ್ ಟ್ರಯಲ್ 2021ರಲ್ಲಿ ಪ್ರಕಟವಾಯಿತು. 60 ದಿನಗಳಲ್ಲಿ ತೀರಿಕೊಂಡವರು ಅಥವಾ ಸ್ವತಂತ್ರವಾಗಿ ನಡೆಯಲಾಗದವರು ಸ್ಪೈನಲ್ ಗುಂಪಿನಲ್ಲಿ ಶೇ. 18.5, ಜನರಲ್ ಗುಂಪಿನಲ್ಲಿ ಶೇ. 18.0. ಸ್ಪೈನಲ್ಲೇ ಸುರಕ್ಷಿತವೆಂದು ಹಟ ಹಿಡಿಯುವ ಸಂಬಂಧಿಕರಿಗೆ ಈ ಮಾಹಿತಿಯನ್ನು ನಾನು ಸಮಾಧಾನದಿಂದ ತಿಳಿಸುತ್ತೇನೆ. ಆದರೆ ಫ್ಲೋರೈಡ್ ನೀರು ಕುಡಿದು ಬೆನ್ನುಮೂಳೆಯ ಲಿಗಮೆಂಟ್‌ಗಳು ಗಟ್ಟಿಯಾಗಿರುವ ಜಗಳೂರು, ಮೊಳಕಾಲ್ಮೂರು ಕಡೆಯ ಹಿರಿಯರಿಗೆ ಸೂಜಿ ಒಳಗೆ ಹೋಗುವುದೇ ಕಷ್ಟ, ಕುತ್ತಿಗೆ ಬಾಗದೆ ಜನರಲ್‌ಗೆ ಉಸಿರಾಟದ ಟ್ಯೂಬ್ ಹಾಕುವುದೂ ಕಷ್ಟ. ಅಂತಹವರು ಆ 1,600 ಮಂದಿಯಲ್ಲಿ ಎಷ್ಟಿರಲು ಸಾಧ್ಯ? ಹೊರಗಿನ ಸಾಕ್ಷ್ಯವನ್ನು ಗೌರವಿಸೋಣ, ಅದರ ಜೊತೆಗೆ ನಮ್ಮ ಜನರ ದೇಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಬೋಲಸ್‌ಗೆ ಬೋಲಸ್ ಹೋಲಿಸುವುದಾದರೆ ಬ್ಲೈಂಡಿಂಗ್ (ಯಾವ ಔಷಧ ಹೋಯಿತೆಂದು ಕೊಡುವವರಿಗೂ ಪಡೆಯುವವರಿಗೂ ತಿಳಿಯದಂತೆ ಇಡುವುದು) ಕೂಡ ಸುಲಭವಾಗುತ್ತದೆ ಅನಿಸುತ್ತದೆ ಸರ್. ಪಂಪ್ ಇದ್ದಾಗ ಎರಡೂ ಗುಂಪಿಗೆ ಒಂದೊಂದು ಉಪ್ಪುನೀರಿನ ಸಿರಿಂಜ್ ಕೂಡ ಇಟ್ಟು ಡಬಲ್ ಡಮ್ಮಿ ಮಾಡಬೇಕಾಗುತ್ತಿತ್ತು. ಈಗ ಫಿನೈಲ್‌ಎಫ್ರಿನ್ ಮಿ.ಲೀ.ಗೆ 50 ಮೈಕ್ರೊಗ್ರಾಂ, ಮೆಫೆಂಟರ್ಮಿನ್ ಮಿ.ಲೀ.ಗೆ 3 ಮಿ.ಗ್ರಾಂ ಇರುವಂತೆ 10 ಮಿ.ಲೀ. ಸಿರಿಂಜ್ ತುಂಬಿದರೆ, ಪ್ರತಿ ಸಲ 2 ಮಿ.ಲೀ. ಕೊಟ್ಟಾಗ ಒಂದರಲ್ಲಿ 100 ಮೈಕ್ರೊಗ್ರಾಂ, ಇನ್ನೊಂದರಲ್ಲಿ 6 ಮಿ.ಗ್ರಾಂ ಹೋಗುತ್ತದೆ. ಎರಡೂ ಬಣ್ಣವಿಲ್ಲದ ದ್ರವಗಳೇ. ಬಿ.ಪಿ. ಕುಸಿದಾಗ 2 ಮಿ.ಲೀ. ಕೊಡುವುದು ಎಂದು ಬರೆಯಲೇ?

ಜೀವಸಂಖ್ಯಾಶಾಸ್ತ್ರ ಅಧ್ಯಾಪಕಿ, ಚಿತ್ರದುರ್ಗ

ಸಿರಿಂಜ್‌ನ ಯೋಜನೆ ಚೆನ್ನಾಗಿದೆ, ಆದರೆ ಕೊನೆಯ ವಾಕ್ಯದಲ್ಲಿ ಇಡೀ ಅಧ್ಯಯನವನ್ನು ಕೆಡಿಸುವ ಒಂದು ದೋಷ ಅಡಗಿದೆ. ಬಿ.ಪಿ. ಕುಸಿದ ಮೇಲೆಯೇ ಔಷಧ ಕೊಡುವುದಾದರೆ, ಮೊದಲ ಕುಸಿತ ಸಂಭವಿಸುವ ಹೊತ್ತಿಗೆ ಎರಡೂ ಗುಂಪಿನವರಿಗೆ ಯಾವ ಔಷಧವೂ ಹೋಗಿರುವುದಿಲ್ಲ. ಆಗ ‘ಒಮ್ಮೆಯಾದರೂ ಕುಸಿದವರ ಪ್ರಮಾಣ’ ಎಂಬ ಅಳತೆಯ ಮೇಲೆ ಔಷಧಗಳ ಪ್ರಭಾವ ಬೀಳುವ ದಾರಿಯೇ ಇಲ್ಲ. 95 ಮಂದಿಯಲ್ಲ, 950 ಮಂದಿಯನ್ನು ಸೇರಿಸಿದರೂ ವ್ಯತ್ಯಾಸ ಸಿಗುವುದಿಲ್ಲ. ಸ್ಪೈನಲ್ ಕೊಟ್ಟು ಮಲಗಿಸಿದ ಕೂಡಲೇ ಎಲ್ಲರಿಗೂ ಮೊದಲ 2 ಮಿ.ಲೀ. ಅನ್ನು ಮುನ್ನೆಚ್ಚರಿಕೆಯಾಗಿ ಕೊಟ್ಟು, ನಂತರ ಕುಸಿದರೆ ಅದೇ ಸಿರಿಂಜ್‌ನಿಂದ ಮತ್ತೆ ಕೊಡುವುದೆಂದು ಬರೆದರೆ ಮಾತ್ರ ನಿಮ್ಮ ಪ್ರಶ್ನೆಗೂ ಅಳತೆಗೂ ಸಂಬಂಧ ಉಳಿಯುತ್ತದೆ. ಎರಡು ಡೋಸ್‌ಗಳು ಶಕ್ತಿಯಲ್ಲಿ ಸರಿಸಮವೇ ಎಂಬುದನ್ನು ಹಿಂದಿನ ಪ್ರಕಟಿತ ಅಧ್ಯಯನಗಳಿಂದ ಸಮರ್ಥಿಸುವ ಹೊಣೆ ನಿಮ್ಮ ವಿಭಾಗದ್ದು.

ಬ್ಲೈಂಡಿಂಗ್ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಹಂಚಿಕೆಯ ಗೋಪ್ಯತೆಯ ಬಗ್ಗೆ ಕಡಿಮೆ ಯೋಚಿಸುತ್ತಾರೆ. ಎರಡೂ ಬೇರೆ ಬೇರೆ. ಮುಂದಿನ ರೋಗಿಗೆ ಯಾವ ಔಷಧ ಎಂಬುದು ಆಕೆಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವವರಿಗೆ ಮೊದಲೇ ತಿಳಿದರೆ, ತಿಳಿದೋ ತಿಳಿಯದೆಯೋ ಆಯ್ಕೆ ನಡೆದುಬಿಡುತ್ತದೆ. ಸ್ವಲ್ಪ ಸುಸ್ತಾಗಿ ಕಾಣುವ ತಾಯಿಯನ್ನು ‘ಇವರು ಬೇಡ, ಮುಂದಿನವರನ್ನು ಸೇರಿಸೋಣ’ ಎಂದುಬಿಡುತ್ತೇವೆ. ಗರ್ಭಾವಸ್ಥೆ ಮತ್ತು ಹೆರಿಗೆಗೆ ಸಂಬಂಧಿಸಿದ 250 ಟ್ರಯಲ್‌ಗಳನ್ನು ಪರಿಶೀಲಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹಂಚಿಕೆಯನ್ನು ಸರಿಯಾಗಿ ಮರೆಮಾಡದ ಟ್ರಯಲ್‌ಗಳಲ್ಲಿ ಚಿಕಿತ್ಸೆಯ ಲಾಭವು ಆಡ್ಸ್ ರೇಶಿಯೊ (ಎರಡು ಗುಂಪುಗಳ ಸಾಧ್ಯತೆಗಳ ಅನುಪಾತ) ಲೆಕ್ಕದಲ್ಲಿ ಸರಾಸರಿ ಶೇ. 41ರಷ್ಟು ಉತ್ಪ್ರೇಕ್ಷೆಯಾಗಿರುವುದನ್ನು ತೋರಿಸಿತು. ಓ.ಪಿ. ಸಂಖ್ಯೆ ಸಮವಾದರೆ ಒಂದು ಔಷಧ, ಬೆಸವಾದರೆ ಇನ್ನೊಂದು ಎಂಬುದು ಆಕಸ್ಮಿಕ ಹಂಚಿಕೆ, ಅಂದರೆ ರ‍್ಯಾಂಡಮೈಸೇಷನ್ ಅಲ್ಲ. ದಿನ ಬಿಟ್ಟು ದಿನ ಎಂಬುದೂ ಅಲ್ಲ.

ಕಂಪ್ಯೂಟರ್‌ನಿಂದ ಪಟ್ಟಿ ತೆಗೆದು, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬರಿಂದ ಕ್ರಮಸಂಖ್ಯೆ ಹಾಕಿದ ಮೊಹರು ಮಾಡಿದ ಲಕೋಟೆಗಳನ್ನು ಸಿದ್ಧಪಡಿಸಿ. ಒಳಗಿನ ಚೀಟಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಓ.ಟಿ. ದೀಪದ ಮುಂದೆ ಹಿಡಿದರೆ ಅಕ್ಷರ ಕಾಣುತ್ತದೆ. ತಾಯಿ ಸಹಿ ಮಾಡಿ, ಲಕೋಟೆಯ ಮೇಲೆ ಆಕೆಯ ಹೆಸರು ಮತ್ತು ಸಮಯವನ್ನು ಬರೆದ ನಂತರವೇ ತೆರೆಯಬೇಕು. ನಾಲ್ಕರ ಬ್ಲಾಕ್ (ಪ್ರತಿ ನಾಲ್ವರಲ್ಲಿ ಇಬ್ಬಿಬ್ಬರಿಗೆ ಒಂದೊಂದು ಔಷಧ) ಎಂದು ಎಲ್ಲರಿಗೂ ಗೊತ್ತಿದ್ದರೆ ನಾಲ್ಕನೆಯದನ್ನು ಊಹಿಸಬಹುದಾದ್ದರಿಂದ ಬ್ಲಾಕ್‌ನ ಗಾತ್ರವನ್ನು ಬದಲಿಸುತ್ತಿರಬೇಕು. ಸ್ಪೈನಲ್ ಸರಿಯಾಗಿ ಹಿಡಿಯದೆ ಜನರಲ್‌ಗೆ ಹೋದವರನ್ನು ಲೆಕ್ಕದಿಂದ ಸದ್ದಿಲ್ಲದೆ ತೆಗೆದುಹಾಕಬೇಡಿ. ಎಷ್ಟು ಮಂದಿ, ಯಾವ ಗುಂಪಿನಲ್ಲಿ, ಏಕೆ ಎಂಬುದು ರೋಗಿಗಳ ಲೆಕ್ಕ ತೋರಿಸುವ ಕನ್ಸಾರ್ಟ್ ನಕ್ಷೆಯಲ್ಲಿ ಕಾಣಬೇಕು.

ಸಹಾಯಕ ಪ್ರಾಧ್ಯಾಪಕ, ಅರಿವಳಿಕೆ ವಿಭಾಗ, ದಾವಣಗೆರೆ

ಕ್ಷಮಿಸಿ, ಮೂಲದಲ್ಲಿಯೇ ನನಗೊಂದು ಭಿನ್ನಾಭಿಪ್ರಾಯವಿದೆ. ಫಿನೈಲ್‌ಎಫ್ರಿನ್ ಉತ್ತಮವೆಂದು ಅಂತರರಾಷ್ಟ್ರೀಯ ಒಮ್ಮತವೇ ಹೇಳಿದ ಮೇಲೆ ಇನ್ನೊಂದು ಗುಂಪಿಗೆ ಮೆಫೆಂಟರ್ಮಿನ್ ಕೊಡುವುದು ನ್ಯಾಯವೇ? ಉತ್ತರ ಗೊತ್ತಿರುವ ಪ್ರಶ್ನೆಯನ್ನು ರೋಗಿಗಳ ಮೇಲೆ ಮತ್ತೆ ಕೇಳಬಾರದಲ್ಲವೇ? ದೊಡ್ಡ ಟ್ರಯಲ್‌ಗಳನ್ನು ದೊಡ್ಡ ಸಂಸ್ಥೆಗಳು ಮಾಡಲಿ, ನಾವು ಅವುಗಳನ್ನು ಓದಿ ಪಾಲಿಸೋಣ.

ಹಿರಿಯ ಅರಿವಳಿಕೆ ತಜ್ಞ, ದಾವಣಗೆರೆ

ಈ ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಫಿನೈಲ್‌ಎಫ್ರಿನ್‌ನ ಪರವಾಗಿರುವ ಸಾಕ್ಷ್ಯದ ಬಹುಪಾಲು ಬಿ.ಪಿ. ಏರಿಸುವ ಇನ್ನೊಂದು ಔಷಧವಾದ ಎಫೆಡ್ರಿನ್ ಜೊತೆಗಿನ ಹೋಲಿಕೆಯಿಂದ ಬಂದದ್ದು. ಎಫೆಡ್ರಿನ್ ಮಾಸು ದಾಟಿ ಮಗುವಿನ ಚಯಾಪಚಯವನ್ನು ಹೆಚ್ಚಿಸುವುದರಿಂದ ಹೊಕ್ಕುಳಬಳ್ಳಿಯ ಅಪಧಮನಿಯ ಪಿ.ಎಚ್. ತುಸು ಇಳಿಯುತ್ತದೆ, ಅಂದರೆ ರಕ್ತದ ಆಮ್ಲೀಯತೆ ಹೆಚ್ಚುತ್ತದೆ. ಆದರೆ ಹಲವು ಟ್ರಯಲ್‌ಗಳನ್ನು ಒಟ್ಟುಗೂಡಿಸಿದ 2002ರ ಮೆಟಾ ಅನಾಲಿಸಿಸ್‌ನಲ್ಲಿ ಆ ವ್ಯತ್ಯಾಸ ಸುಮಾರು 0.03 ಮಾತ್ರ ಇತ್ತು, ಪಿ.ಎಚ್. 7.2ಕ್ಕಿಂತ ಕೆಳಗಿಳಿದ ಮಕ್ಕಳ ಪ್ರಮಾಣದಲ್ಲಾಗಲಿ ಹುಟ್ಟಿದ ಮಗುವಿನ ಸ್ಥಿತಿಯನ್ನು ಅಳೆಯುವ ಎಪ್ಗಾರ್ ಅಂಕದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲಿ ದಿನನಿತ್ಯ ಬಳಕೆಯಲ್ಲಿರುವ ಮೆಫೆಂಟರ್ಮಿನ್‌ಗೆ ಆ ಫಲಿತಾಂಶವನ್ನು ಹಾಗೆಯೇ ವರ್ಗಾಯಿಸಲಾಗದು. ಅದೇ ಹೊತ್ತಿಗೆ ಫಿನೈಲ್‌ಎಫ್ರಿನ್ ಹೃದಯ ಬಡಿತವನ್ನು ನಿಧಾನಗೊಳಿಸಿ ಹೃದಯದ ಹೊರಹರಿವನ್ನು ತಗ್ಗಿಸುತ್ತದೆ. ಪಂಪ್ ಇಲ್ಲದ ಕಡೆ, ಗಿಡ್ಡಗಿರುವ, ರಕ್ತಹೀನತೆಯುಳ್ಳ ತಾಯಿಗೆ ಬೋಲಸ್ ಆಗಿ ಯಾವುದು ಮೇಲು ಎಂಬ ಪ್ರಾಮಾಣಿಕ ಅನಿಶ್ಚಿತತೆ ಇನ್ನೂ ಇದೆ. ಅನಿಶ್ಚಿತತೆ ಇರುವಲ್ಲಿ ಟ್ರಯಲ್ ನ್ಯಾಯವೇ.

‘ಓದಿ ಪಾಲಿಸೋಣ’ ಎಂಬ ಮಾತು ಅರ್ಧ ಸರಿ. ಓದಲೇಬೇಕು, ಆದರೆ ನಮ್ಮ ವಿಷಯದಷ್ಟು ಸಾಕ್ಷ್ಯದಿಂದ ಪೆಟ್ಟು ತಿಂದ ವಿಷಯಗಳು ಕಡಿಮೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಔಷಧ ಕೊಟ್ಟರೆ ಹೃದಯ ಸುರಕ್ಷಿತವೆಂದು ಮಾರ್ಗಸೂಚಿಗಳೇ ಬರೆದಿದ್ದವು. 2008ರಲ್ಲಿ 8,351 ರೋಗಿಗಳ ಪಾಯಿಸ್ ಟ್ರಯಲ್ ಪ್ರಕಟವಾದಾಗ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಪಡೆದ ಗುಂಪಿನಲ್ಲಿ ಹೃದಯಾಘಾತವು ಶೇ. 5.7ರಿಂದ 4.2ಕ್ಕೆ ಇಳಿದದ್ದು ನಿಜವೇ ಆಗಿತ್ತು. ಆದರೆ ಸಾವು ಶೇ. 2.3ರಿಂದ 3.1ಕ್ಕೂ, ಪಾರ್ಶ್ವವಾಯು ಶೇ. 0.5ರಿಂದ 1.0ಕ್ಕೂ ಏರಿತ್ತು. ಮಾನಿಟರ್ ಮೇಲಿನ ಅಂಕಿ ಚೆಂದವಾದ ಮಾತ್ರಕ್ಕೆ ರೋಗಿಗೆ ಒಳ್ಳೆಯದಾಯಿತೆಂದು ಹೇಳಲಾಗದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಟ್ರಯಲ್ ನನಗೆ ತಿಳಿಯದು. ಆದ್ದರಿಂದಲೇ ನಮ್ಮ ವಿದ್ಯಾರ್ಥಿನಿ ಬಿ.ಪಿ. ಜೊತೆಗೆ ತಾಯಿಗೆ ವಾಕರಿಕೆ, ವಾಂತಿ ಆಯಿತೇ, ತಲೆ ಸುತ್ತಿತೇ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಇನ್ನು ಸುಳ್ಳಿನ ಸಂಗತಿ. ಜಪಾನಿನ ಅರಿವಳಿಕೆ ತಜ್ಞ ಯೋಶಿಟಾಕಾ ಫುಜೀ ಅವರ 168 ಟ್ರಯಲ್‌ಗಳ ಅಂಕಿಗಳನ್ನು ಜಾನ್ ಕಾರ್ಲೈಲ್ ಅವರು 2012ರಲ್ಲಿ ವಿಶ್ಲೇಷಿಸಿ, ಆರಂಭದ ವಯಸ್ಸು, ತೂಕದಂತಹ ಅಂಕಿಗಳು ಸಹಜವಾಗಿ ಅಷ್ಟು ಒಂದೇ ಸಮನೆ ಬರಲು ಸಾಧ್ಯವಿಲ್ಲವೆಂದು ತೋರಿಸಿದರು. ಜಪಾನಿನ ಅರಿವಳಿಕೆ ತಜ್ಞರ ಸಂಘದ ತನಿಖೆಯಲ್ಲಿ 172 ಲೇಖನಗಳು ಕಟ್ಟುಕತೆಯೆಂದು ಸಾಬೀತಾಯಿತು. ಸಂಶೋಧನೆಯಲ್ಲಿ ಅಕ್ರಮವೆಸಗಿದ ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಅವರ ಅಧ್ಯಯನಗಳನ್ನು ಲೆಕ್ಕದಿಂದ ಹೊರತೆಗೆದಾಗ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬ, ರಕ್ತನಾಳಕ್ಕೆ ಏರಿಸುವ ದ್ರವವು ತೀವ್ರವಾಗಿ ಅಸ್ವಸ್ಥರಾದ ರೋಗಿಗಳಲ್ಲಿ ಸಾವನ್ನೂ ಮೂತ್ರಪಿಂಡದ ಹಾನಿಯನ್ನೂ ಹೆಚ್ಚಿಸುತ್ತದೆಂದು 2013ರ ಮೆಟಾ ಅನಾಲಿಸಿಸ್ ಕಂಡುಕೊಂಡಿತು. ಸಾವಿರಾರು ವೈದ್ಯರು ಆ ಹಿಂದಿನ ಲೇಖನಗಳನ್ನು ನಂಬಿ ರೋಗಿಗಳಿಗೆ ಆ ದ್ರವ ಕೊಟ್ಟಿದ್ದರು. ನಮ್ಮ ಪಕ್ಕದ ಹೈದರಾಬಾದಿನಲ್ಲಿಯೇ 1888 ಮತ್ತು 1889ರಲ್ಲಿ ನಿಜಾಮರ ಆಶ್ರಯದಲ್ಲಿ ಅಂದಿನ ಅರಿವಳಿಕೆ ಔಷಧವಾದ ಕ್ಲೋರೋಫಾರ್ಮ್ ಕುರಿತ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕ್ಲೋರೋಫಾರ್ಮ್ ಉಸಿರಾಟವನ್ನು ನಿಲ್ಲಿಸುತ್ತದೆಯೇ ಹೊರತು ನೇರವಾಗಿ ಹೃದಯವನ್ನು ನಿಲ್ಲಿಸುವುದಿಲ್ಲವೆಂದು ತೀರ್ಮಾನಿಸಿದ್ದವು. ಅಲ್ಲಿ ಮೋಸವಿರಲಿಲ್ಲ, ಶ್ರಮಕ್ಕೂ ಕೊರತೆಯಿರಲಿಲ್ಲ. ಆದರೂ ಹಗುರವಾದ ಕ್ಲೋರೋಫಾರ್ಮ್ ಅರಿವಳಿಕೆಯಲ್ಲಿ ಅಡ್ರಿನಲಿನ್ ಸೇರಿದಾಗ ಹೃದಯದ ಕಂಪನ ಉಂಟಾಗಿ ಸಾವು ಬರಬಹುದೆಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸುವವರೆಗೆ ವಾದ ಬಗೆಹರಿಯಲಿಲ್ಲ.

ಇದನ್ನೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಟ್ರಯಲ್ ಹೇಗೆ ಕಟ್ಟಬೇಕೆಂದು ಕೈಯಾರೆ ಕಲಿತವರಿಗೆ ಮಾತ್ರ ಬೇರೆಯವರ ಟ್ರಯಲ್‌ನ ಬಿರುಕುಗಳು ಕಣ್ಣಿಗೆ ಬೀಳುತ್ತವೆ. ಪಾಲಿಸುವುದಕ್ಕಾದರೂ ನಾವು ಮಾಡಿ ಕಲಿಯಬೇಕು.

ಎಥಿಕ್ಸ್ ಕಮಿಟಿಯ ವೈದ್ಯೇತರ ಸದಸ್ಯ, ನಿವೃತ್ತ ಶಿಕ್ಷಕ, ದಾವಣಗೆರೆ

ವೈದ್ಯನಲ್ಲದಿದ್ದರೂ ಸಭೆಗಳಲ್ಲಿ ಕೂರುವ ಕಾರಣ ಬರೆಯುತ್ತಿದ್ದೇನೆ. ಅಧ್ಯಾಪಕಿಯವರು ಹೇಳಿದ ಲೆಕ್ಕವನ್ನು ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಉತ್ತರ ಸಿಗುವುದಿಲ್ಲವೆಂದು ಮೊದಲೇ ಗೊತ್ತಿರುವ ಅಧ್ಯಯನಕ್ಕೆ 60 ಮಂದಿ ತಾಯಂದಿರ ಸಹಿ ಪಡೆಯುವುದೇ ತಪ್ಪು. ಅವರು ‘ನನ್ನಿಂದ ಮುಂದಿನವರಿಗೆ ಉಪಕಾರವಾಗಲಿ’ ಎಂದು ಒಪ್ಪುತ್ತಾರೆ. ಆ ಉಪಕಾರ ಆಗುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.

ಒಪ್ಪಿಗೆ ಪತ್ರದ ಬಗ್ಗೆ ನನ್ನ ಬೇಡಿಕೆಗಳು ಗಟ್ಟಿಯಾಗಿವೆ. ನೋವು ತಿನ್ನುತ್ತಿರುವ ತಾಯಿಯ ಕೈಗೆ ಓ.ಟಿ. ಬಾಗಿಲಲ್ಲಿ ಕಾಗದ ಕೊಟ್ಟು ಸಹಿ ಹಾಕಿಸುವುದನ್ನು ಒಪ್ಪಿಗೆ ಎನ್ನಲಾಗದು. ದಿನಾಂಕ ನಿಗದಿಯಾದ ಸಿಸೇರಿಯನ್‌ಗಳನ್ನು ಮಾತ್ರ ಸೇರಿಸಿಕೊಂಡು, ಹಿಂದಿನ ದಿನವೇ ವಾರ್ಡಿನಲ್ಲಿ ಕುಳಿತು ವಿವರಿಸಬೇಕು. ತಾಂಡಾಗಳಿಂದ ಬರುವ ಲಂಬಾಣಿ ತಾಯಂದಿರಿಗೆ ಅವರ ಮಾತಿನಲ್ಲಿ ಹೇಳುವವರೊಬ್ಬರು ಇರಬೇಕು. ಗಂಡನೋ ಅತ್ತೆಯೋ ಒಪ್ಪಿದರೆ ಸಾಲದು, ಆಕೆ ಒಪ್ಪಬೇಕು. ಬೇಡವೆಂದರೆ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲವೆಂಬ ಮಾತನ್ನು ಕಾಗದದ ಕೊನೆಯಲ್ಲಲ್ಲ, ಮೊದಲಲ್ಲೇ ಹೇಳಬೇಕು.

ಓ.ಟಿ. ಶುಶ್ರೂಷಾಧಿಕಾರಿ, ದಾವಣಗೆರೆ

ಔಷಧ ತುಂಬುವ ಕೆಲಸ ನಮ್ಮ ಪಾಲಿಗೆ ಬರುವುದರಿಂದ ಒಂದು ಎಚ್ಚರಿಕೆ. ಫಿನೈಲ್‌ಎಫ್ರಿನ್ 1 ಮಿ.ಲೀ. ಆಂಪೂಲ್‌ನಲ್ಲಿ 10 ಮಿ.ಗ್ರಾಂ ಇರುತ್ತದೆ. ಅದನ್ನು 100 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿಗೆ ಹಾಕಿದರೆ ಮಿ.ಲೀ.ಗೆ 100 ಮೈಕ್ರೊಗ್ರಾಂ ಆಗುತ್ತದೆ. ಅದರಿಂದ 5 ಮಿ.ಲೀ. ತೆಗೆದು 5 ಮಿ.ಲೀ. ಸಲೈನ್ ಬೆರೆಸಿದರೆ ನಿಮಗೆ ಬೇಕಾದ 50 ಬರುತ್ತದೆ. ಮೆಫೆಂಟರ್ಮಿನ್ ಮಿ.ಲೀ.ಗೆ 30 ಮಿ.ಗ್ರಾಂ ಇರುವ ವಯಲ್ ಆದರೆ 1 ಮಿ.ಲೀ. ತೆಗೆದು 10ಕ್ಕೆ ತರಬೇಕು. ಮೊದಲನೆಯದರಲ್ಲಿ ಎರಡು ಹಂತ, ಎರಡನೆಯದರಲ್ಲಿ ಒಂದು ಹಂತ. ಬೆರೆಸದ ಆಂಪೂಲ್ ನೇರವಾಗಿ ಸಿರಿಂಜ್‌ಗೆ ಹೋದರೆ 100 ಮೈಕ್ರೊಗ್ರಾಂ ಕೊಡಬೇಕಾದಲ್ಲಿ ಅದರ ನೂರು ಪಟ್ಟು ಹೋಗುವ ಅಪಾಯವಿದೆ. ಆದ್ದರಿಂದ ಇಬ್ಬರು ನೋಡಿ ಸಹಿ ಮಾಡುವ ಹಾಳೆ ಇರಲಿ. ಸಿರಿಂಜ್ ಮೇಲೆ ಅಧ್ಯಯನದ ಸಂಖ್ಯೆ ಮಾತ್ರ ಇದ್ದರೂ, ತುರ್ತಿನಲ್ಲಿ ಯಾವ ಔಷಧವೆಂದು ಕೂಡಲೇ ತಿಳಿಯುವ ಮೊಹರಾದ ಲಕೋಟೆ ಅದೇ ಕೋಣೆಯಲ್ಲಿರಲಿ. ಹೃದಯ ಬಡಿತ ತೀರಾ ನಿಧಾನವಾದರೆ ಕೊಡಲು ಅಟ್ರೋಪಿನ್ ತುಂಬಿಟ್ಟಿರಲಿ.

ಹಿರಿಯ ಅರಿವಳಿಕೆ ತಜ್ಞ, ದಾವಣಗೆರೆ

ಸಿಸ್ಟರ್ ಬರೆದದ್ದನ್ನು ಸಿನಾಪ್ಸಿಸ್‌ನ ವಿಧಾನ ಭಾಗಕ್ಕೆ ಹಾಗೆಯೇ ಸೇರಿಸಿಕೊಳ್ಳಿ. ಇಷ್ಟು ನಿಖರವಾದ ವಿವರಣೆ ಎಷ್ಟೋ ಪ್ರಕಟಿತ ಲೇಖನಗಳಲ್ಲಿಯೂ ಸಿಗುವುದಿಲ್ಲ.

ಸಂಖ್ಯೆಯ ಸಮಸ್ಯೆಗೆ ನನ್ನ ಸಲಹೆ ಇದು. ದಾವಣಗೆರೆಗೂ ಚಿತ್ರದುರ್ಗಕ್ಕೂ ಹೆದ್ದಾರಿಯಲ್ಲಿ 60 ಕಿ.ಮೀ. ಆಸುಪಾಸಿನ ದೂರ. ಎರಡೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಪ್ರತಿ ಕಾಲೇಜಿನಲ್ಲಿಯೂ ಪ್ರತಿ ವರ್ಷ 30-30ರ ಬೇರೆ ಬೇರೆ ಅಧ್ಯಯನಗಳು ಹುಟ್ಟಿ, ಒಂದಕ್ಕೊಂದು ಹೊಂದಿಸಲಾಗದೆ ಉಳಿಯುತ್ತವೆ. ಒಂದೇ ಪ್ರೋಟೋಕಾಲ್, ಒಂದೇ ವ್ಯಾಖ್ಯೆ, ಒಂದೇ ಬಗೆಯ ಸಿರಿಂಜ್ ಇಟ್ಟುಕೊಂಡು, ಕೇಂದ್ರವಾರು ಪ್ರತ್ಯೇಕ ರ‍್ಯಾಂಡಮೈಸೇಷನ್ ಪಟ್ಟಿ ಮಾಡಿ ಮೂರು ಕಡೆ ನಡೆಸಿದರೆ ಬೇಕಾದ ಸಂಖ್ಯೆ ತುಂಬುತ್ತದೆ. ಮುಖ್ಯ ಪ್ರಶ್ನೆ ಎಲ್ಲರದ್ದೂ ಆಗಿರಲಿ. ಒಬ್ಬರು ಮಗುವಿನ ಪಿ.ಎಚ್. ಬಗ್ಗೆ, ಇನ್ನೊಬ್ಬರು ತಾಯಿಯ ವಾಕರಿಕೆಯ ಬಗ್ಗೆ ತಮ್ಮ ಥೀಸಿಸ್ ಬರೆಯಲಿ.

ಜೀವಸಂಖ್ಯಾಶಾಸ್ತ್ರ ಅಧ್ಯಾಪಕಿ, ಚಿತ್ರದುರ್ಗ

ಇದಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಒಂದೇ ಷರತ್ತು: 1, 3, 5, 10, 15, 20ನೇ ನಿಮಿಷಗಳಲ್ಲಿ ಬಿ.ಪಿ., ಹೃದಯ ಬಡಿತ ಎಲ್ಲವನ್ನೂ ಹೋಲಿಸಿ ಪ್ರತಿಯೊಂದಕ್ಕೂ ಪಿ ಮೌಲ್ಯ ಹಾಕುವ ಪಟ್ಟಿಗಳು ಬೇಡ. ಯಾವ ವ್ಯತ್ಯಾಸವೂ ಇಲ್ಲದ, ಒಂದಕ್ಕೊಂದು ಸಂಬಂಧವಿಲ್ಲದ 20 ಹೋಲಿಕೆಗಳನ್ನು ಮಾಡಿದರೂ ಅವುಗಳಲ್ಲಿ ಕನಿಷ್ಠ ಒಂದಾದರೂ ಆಕಸ್ಮಿಕವಾಗಿ 0.05ಕ್ಕಿಂತ ಕೆಳಗೆ ಬರುವ ಸಂಭವ ಶೇ. 64. ಮುಖ್ಯ ಅಳತೆ ಒಂದೇ ಇರಲಿ, ವಿಶ್ಲೇಷಣೆಯ ಯೋಜನೆಯನ್ನು ದತ್ತಾಂಶ ನೋಡುವ ಮುನ್ನವೇ ಬರೆದು ದಿನಾಂಕ ಹಾಕಿಡೋಣ. ಎರಡು ಗುಂಪುಗಳ ವಯಸ್ಸು, ತೂಕಕ್ಕೆ ಪಿ ಮೌಲ್ಯ ಹಾಕುವ ಅಗತ್ಯವೂ ಇಲ್ಲ. ರ‍್ಯಾಂಡಮೈಸೇಷನ್ ಸರಿಯಾಗಿದ್ದರೆ ಅಲ್ಲಿ ಕಾಣುವ ವ್ಯತ್ಯಾಸ ಆಕಸ್ಮಿಕವೆಂದು ನಮಗೆ ಮೊದಲೇ ಗೊತ್ತಿದೆ.

ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿಭಾಗದಲ್ಲಿ ಈ ಚರ್ಚೆಯನ್ನು ಮುಂದಿಟ್ಟೆ. ಗುಂಪಿಗೆ 95 ಮಂದಿ, ಶೇ. 10ರಷ್ಟು ಮಂದಿ ಬಿಟ್ಟುಹೋಗಬಹುದೆಂದು ಹಿಡಿದು 106, ಒಟ್ಟು 212 ತಾಯಂದಿರು ಎಂದು ಬರೆಯಲು ಒಪ್ಪಿದ್ದಾರೆ. ಎರಡೂ ಔಷಧಗಳು ಬೋಲಸ್ ಆಗಿ, ಮೊದಲ 2 ಮಿ.ಲೀ. ಸ್ಪೈನಲ್ ಆದ ಕೂಡಲೇ. ಎತ್ತರದ ಮಿತಿಯನ್ನು ತೆಗೆದಿದ್ದೇವೆ. ಹಿಮೋಗ್ಲೋಬಿನ್ ಮಿತಿಯನ್ನು 10ರಿಂದ 8ಕ್ಕೆ ಇಳಿಸಿದ್ದೇವೆ. ಬಿ.ಪಿ. ಯಂತ್ರವು ನಿಮಿಷಕ್ಕೊಮ್ಮೆ ತಾನಾಗಿ ಅಳೆದು ತನ್ನ ನೆನಪಿನಲ್ಲಿ ಉಳಿಸಿಕೊಳ್ಳುವ ಅಂಕಿಗಳನ್ನೇ ಬಳಸುತ್ತೇವೆ, ಕೈಯಿಂದ ಬರೆದದ್ದನ್ನಲ್ಲ. ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯು 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುನ್ನ ಬಂದ ಅರ್ಜಿಗಳನ್ನಷ್ಟೇ ನೋಂದಾಯಿಸಿಕೊಳ್ಳುವುದರಿಂದ, ಮೂರೂ ಕಡೆಯ ಎಥಿಕ್ಸ್ ಕಮಿಟಿಗಳ ಒಪ್ಪಿಗೆ ಬಂದು ನೋಂದಣಿ ಸಂಖ್ಯೆ ಕೈಗೆ ಸಿಗುವವರೆಗೆ ಒಂದು ಲಕೋಟೆಯನ್ನೂ ತೆರೆಯುವುದಿಲ್ಲ.

ಒಂದು ವಿಷಯ ಮಾತ್ರ ಉಳಿದಿದೆ. ಹೊಕ್ಕುಳಬಳ್ಳಿಯ ರಕ್ತದ ಪಿ.ಎಚ್. ನೋಡಲು ಚಿತ್ರದುರ್ಗದ ಕೇಂದ್ರದಲ್ಲಿ ಬ್ಲಡ್ ಗ್ಯಾಸ್ ಯಂತ್ರ ಓ.ಟಿ.ಗೆ ಹತ್ತಿರದಲ್ಲಿದೆಯೇ, ರಾತ್ರಿ ಪಾಳಿಯಲ್ಲಿಯೂ ಕಾರ್ಟ್ರಿಡ್ಜ್ ಸಿಗುತ್ತದೆಯೇ?

ಜೀವಸಂಖ್ಯಾಶಾಸ್ತ್ರ ಅಧ್ಯಾಪಕಿ, ಚಿತ್ರದುರ್ಗ

ಯಂತ್ರ ಐ.ಸಿ.ಯು.ನಲ್ಲಿದೆ, ಓ.ಟಿ.ಯಿಂದ ಒಂದು ಮಹಡಿ ಕೆಳಗೆ. ನಿಮ್ಮದು ದಿನಾಂಕ ನಿಗದಿಯಾದ ಸಿಸೇರಿಯನ್‌ಗಳಷ್ಟೇ ಆದ್ದರಿಂದ ರಾತ್ರಿ ಪಾಳಿಯ ಚಿಂತೆ ಬೇಡ. ಮಗು ಉಸಿರಾಡುವ ಮುನ್ನವೇ ಬಳ್ಳಿಯ ಒಂದು ತುಂಡನ್ನು ಎರಡೂ ಕಡೆ ಕ್ಲಾಂಪ್ ಮಾಡಿಕೊಂಡರೆ ಒಳಗಿನ ರಕ್ತದ ಅಂಕಿಗಳು ಸ್ವಲ್ಪ ಹೊತ್ತು ಹೆಚ್ಚು ಬದಲಾಗುವುದಿಲ್ಲ, ಹೆಪಾರಿನ್ ಸಿರಿಂಜ್‌ಗೆ ತೆಗೆದು ಕೆಳಗೆ ಕಳುಹಿಸಲು ಸಮಯ ಸಿಗುತ್ತದೆ. ಪ್ರೋಟೋಕಾಲ್‌ನ ಕರಡನ್ನು ಕಳುಹಿಸಿ, ಕೇಂದ್ರವಾರು ಪಟ್ಟಿಯನ್ನು ನಾನು ಸಿದ್ಧಪಡಿಸುತ್ತೇನೆ. ಲಕೋಟೆ ತುಂಬುವವರು ಮಾತ್ರ ನಿಮ್ಮ ವಿಭಾಗದವರಾಗಬಾರದು.